ಕೋಳಿ ರಕ್ತದ ಸ್ಲೈಡುಗಳು

ಎಪ್ಪತ್ತರ ದಶಕದ ಕೊನೆಗೆ ಜಗಳೂರಾಗೆ ಮಲೇರಿಯಾ ರಕ್ತ ನೋಡೋ ಕೆಲಸ ನಂದು. ನ್ಯಾಮತಿಯೋನು ನಾನು, ಹೊನ್ನಾಳಿ, ಚನ್ನಗಿರಿ ಎರಡೂ ಕಡೆ ಇದೇ ಕೆಲಸ ಮಾಡಿ ಬಂದಿದ್ದೆ. ನನ್ನಂಗೆ ಮೈಕ್ರೋಸ್ಕೋಪು ನೋಡೋನು ಸುತ್ತ ನಾಕು ತಾಲ್ಲೂಕಾಗೆ ಇರಲಿಲ್ಲ. ಜಂಬ ಅಂತೀರಾ? ಅನ್ನಿ, ನಂಗೇನು.

ಹಳ್ಳಿ ತಿರುಗಿ ಜ್ವರದೋರ ಬೆರಳು ಚುಚ್ಚಿ, ಹನಿ ರಕ್ತ ಗಾಜಿನ ಸ್ಲೈಡಿಗೆ ಸವರಿ, ಮನೆ ಗೋಡೆ ಮೇಲೆ ತಾರೀಕು ಬರೆದು ಬರೋನು ಬ್ಯಾರೆ ಒಬ್ಬ ಇದ್ದ. ಖಾಕಿ ಅಂಗಿ ಇಸ್ತ್ರಿ ಕೆಟ್ಟೀತು ಅಂತ ಬಿಸಿಲಿಗೇ ಇಳೀದ ಮಹಾಶಯ.

ಒಂದಿನ ಸೊಕ್ಕೆ ಕಡೆ ಹಳ್ಳಿಯಿಂದ ಬಂದ ಬಸ್ಸಿಳಿದು ಒಂದು ಅಜ್ಜಿ ನನ್ನ ಬಾಗಿಲಿಗೆ ಬಂತು.

"ಯಪ್ಪಾ, ನನ್ ಸೊಸಿಗೆ ದಿನ ಬಿಟ್ಟು ದಿನ ಚಳಿಜ್ವರ. ಐದು ತಿಂಗಳ ಬಸುರಿ. ನಾನು ಹೊಲದಾಗಿದ್ದಾಗ ನಿಮ್ಮೋನು ಬಂದು ಹೆಸ್ರು ಬರಕಂಡು ಗೋಡೆ ಮೇಲೆ ತಾರೀಕು ಹಾಕಿ ಹೋದ. ಅವಳ ರಕ್ತದಾಗೆ ಏನು ಬಂತು? ಕೂಸಿಗೇನಾರ ಆದೀತು ಅಂತ ಭಯ ಆಗೈತೆ."

ಪೆಟ್ಟಿಗೆ ತೆಗೆದು ಆ ಹಳ್ಳಿ ಸ್ಲೈಡು ಹುಡುಕಿ, ಬಣ್ಣ ಹಾಕಿ ಕಣ್ಣಿಟ್ಟೆ. ಮೊಟ್ಟೆ ಆಕಾರದ ಕಣ, ಪ್ರತಿಯೊಂದರ ನಡುವೆ ನೇರಳೆ ಬಣ್ಣದ ಬೀಜ! ಹನ್ನೆರಡು ಸ್ಲೈಡೂ ಹಂಗೇ. ಗಟ್ಟಿಯಾಗಿ ನಕ್ಕುಬಿಟ್ಟೆ. ಅಜ್ಜಿ ಮುಖ ನೋಡಿ ಬಾಯಿ ಮುಚ್ಕಂಡೆ.

ಅಷ್ಟೊತ್ತಿಗೆ ಮಹಾಶಯರು ಸೈಕಲ್ಲು ಇಳಿದ್ರು.

"ಲೇ ತಮ್ಮಾ, ಆ ಹಳ್ಳಿ ಜನ ಮೊಟ್ಟೆ ಇಡ್ತಾರೇನೋ?"

"ಯಾಕ್ ಸಾರ್ ಹಿಂಗಂತೀರಿ?"

"ಹನ್ನೆರಡು ಜನಕ್ಕೂ ಕೋಳಿ ರಕ್ತ ಐತಲ್ಲೋ!"

ಬೆವರಿಬಿಟ್ಟ. "ಬೀಗರ ಮನೆಯಾಗೆ ಕೋಳಿ ಕೊಯ್ದಿದ್ರು ಸಾರ್. ಅಷ್ಟು ಮನೆ ತಿರುಗಾಕೆ ಬಿಸಿಲು. ರಕ್ತ ಎಲ್ಲಾ ಕೆಂಪೇ ಅಲ್ವಾ?"

"ಕೆಂಪಂತೆ! ಕಣ ತಳ ಸೇರಾಕೆ ಬಿಟ್ಟು ನೋಡಿದ್ರೆ ರಕ್ತದಾಗೆ ಅರ್ಧಕ್ಕಿಂತ ಜಾಸ್ತಿ ಹಳದಿ ನೀರು, ಪ್ಲಾಸ್ಮಾ ಅಂತಾರೆ. ಉಂಡಿದ್ದು ಮೈಗೆಲ್ಲಾ ಹೊತ್ತು ಹಂಚೋದು ಅದು. ಬಿಳಿ ಕಣ ರೋಗದ ಮೈಮೇಲೆ ಬೀಳೋವು. ಸಣ್ಣ ಬಿಲ್ಲೆ ಅದಾವು, ಗಾಯ ಆದ ಕಡೆ ಒಟ್ಟಾಗಿ ರಕ್ತ ನಿಲ್ಲಿಸ್ತಾವೆ. ಕೆಂಪು ಕಣ ಉಸಿರು ಹೊರೋದು. ಮನುಷ್ಯನ ಕೆಂಪು ಕಣದಾಗೆ ಬೀಜ ಇರಲ್ಲ, ಕೋಳೀದರಾಗೆ ಇರ್ತೈತೆ. ಕುರಿ ಸೀಮೆಯಾಗೆ ಇದ್ಕಂಡು ಕೋಳಿ ಹಿಡಿದ್ಯಲ್ಲೋ ಪೆದ್ದ! ಕುರೀದರಾಗೂ ಬೀಜ ಇರಲ್ಲ, ಗೊತ್ತೇನು? ಆದ್ರೂ ನಾನು ಹಿಡೀತಿದ್ದೆ, ಅದು ಬ್ಯಾರೆ ಮಾತು."

ಅಜ್ಜಿ ನಡುವೆ ಬಾಯಿ ಹಾಕ್ತು. "ಹಂಗಾರೆ ನನ್ ಸೊಸಿ ರಕ್ತ ಎಲ್ಲೈತೆ?"

"ಅವಳ ಮೈಯಾಗೇ ಐತೆ ಯವ್ವಾ. ನಡಿ, ತಗಂಡು ಬರಾನ."

ಮಹಾಶಯರನ್ನ ಎಳ್ಕಂಡು ಮುಂದಿನ ಬಸ್ಸು ಹತ್ತಿದೆ. ಸೊಸೆ ಎರಡು ಕಂಬಳಿ ಹೊದ್ದು ನಡುಗ್ತಿದ್ಲು. ಸೂಜಿ ಕಂಡು ಕೈ ಹಿಂದಕ್ಕೆ ಎಳ್ಕಂಡ್ಲು.

"ಏನೂ ನೋವಾಗಲ್ಲ ತಾಯಿ, ಮೊದ್ಲು ಇವನಿಗೆ ಚುಚ್ಚಿ ತೋರಿಸ್ತೀನಿ" ಅಂದು ಖಾಕಿಯೋನ ಬೆರಳಿಗೆ ಚುಚ್ಚಿದೆ. ಎಂಥಾ ಕೂಗು ಅಂತೀರಿ! ಸರಿಯಾಗಿ ಹನಿ ಬರಲಿಲ್ಲ ಅಂತ ಇನ್ನೊಂದ್ಸಲ ಚುಚ್ಚಿದೆ. ಬಂದಿತ್ತು, ನಂಗೆ ಕಾಣಲಿಲ್ಲ ಅಷ್ಟೆ. ನಡುಗೋ ಹುಡುಗಿ ನಕ್ಕು ಕೈ ಕೊಟ್ಲು. ಸೂಜಿ ಬದಲಾಯಿಸಿ ಅವಳ ರಕ್ತ ತಗಂಡು, ಅಲ್ಲೇ ಮಲೇರಿಯಾದ ಮೊದಲ ಮಾತ್ರೆ ನುಂಗಿಸಿದೆ.

ಜಗಳೂರಿಗೆ ಬಂದು ನೋಡಿದ್ರೆ ಅವಳ ಕೆಂಪು ಕಣದೊಳಗೆ ಉಂಗುರದಂಗೆ ಕೂತಿತ್ತು ಮಲೇರಿಯಾ. ಖಾಕಿಯೋನ ತಲೆ ಬಗ್ಗಿಸಿ ನೋಡಿಸಿದೆ.

"ಪ್ರತಿ ಚಳಿಗೂ ಇಂಥ ಕಣ ಸಾವಿರಗಟ್ಟಲೆ ಒಡೀತಾವೆ. ಹೊಟ್ಟೆ ಒಳಗಿನ ಕೂಸಿಗೆ ಉಸಿರು ಸೇರೋದು ಇವುಗಳಿಂದ್ಲೇ. ನಿನ್ ಇಸ್ತ್ರಿ ಅಂಗಿಯಿಂದ ಅಲ್ಲ."

ಉಳಿದ ಮಾತ್ರೆ ತಗಂಡು ಎರಡು ದಿನ ಸೈಕಲ್ಲು ತುಳಿದ. ನುಂಗೋ ತನಕ ನಿಂತು ನೋಡಿದ. ಬಿಟ್ಟ ಹನ್ನೊಂದು ಮನೆಗೂ ಹೋಗಿ ಚುಚ್ಚಿದ. ಹುಡುಗಿ ಜ್ವರ ನಿಂತಿತು.

ವಾರ ಬಿಟ್ಟು ಅಜ್ಜಿ ಮಡಿಲಾಗೆ ಶೇಂಗಾ ಕಟ್ಕಂಡು ಬಂತು. ಸೊಸೆ ರೊಟ್ಟಿ ತಿಂತಾಳೆ, ಕೂಸು ಒದೀತೈತೆ ಅಂತು. ಖಾಕಿಯೋನಿಗೆ ಇನ್ನೊಂದಿಷ್ಟು ಬೈದೆ, ಅಜ್ಜೀನೂ ಬೈತು. ಹೊರಡೋ ಮುಂದೆ ಹೊಸ್ತಿಲಾಗೆ ನಿಂತು ಕೇಳ್ತು.

"ಆ ಕೋಳಿ ಗಾಜು ನಿನ್ ಹತ್ರ ಎಷ್ಟು ದಿನ ಇತ್ತು ಯಪ್ಪಾ?"

"ಹತ್ತು ದಿನ."

"ನೋಡಿರ್ಲಿಲ್ಲೇನು?"

ಪೆಟ್ಟಿಗೆ ಮುಚ್ಚಳಾನೇ ತೆಗೆದಿರಲಿಲ್ಲ ನಾನು. ಹತ್ತು ದಿನ ಅಂದ್ರೆ ಐದು ಸಲ ಚಳಿ. ಶೇಂಗಾ ಸುಲಿಯಾಕೆ ಹತ್ತಿದೆ.

"ಇಬ್ರೂ ಒಂದೇ ತಳಿ" ಅಂದು ಅಜ್ಜಿ ಬಸ್ಸಿಗೆ ಹೋತು.