ಚಗಳಿಗೆ ಹೊಲಿದ ಗ್ಲೌಸ್

ಚಿತ್ರಕಲೆ ಒಂದು, ಇನ್ನೋವೇಶನ್ ಇನ್ನೊಂದು, ಹೀಗೆ ಒಟ್ಟಿಗೇ ಎರಡು ಡಿಗ್ರಿ ಓದುತ್ತಿದ್ದೇನೆ. ದುಡಿಯುವವರ ಒಂದು ತೊಂದರೆ ಹುಡುಕಿ, ಅದನ್ನು ಚೆಂದವಾಗಿ ಬಗೆಹರಿಸಿ, ಅವರಿಂದ ಸೈ ಹಾಕಿಸಿಕೊಂಡು ಬಂದರಷ್ಟೇ ಪಾಸು ಅಂದರು ಮೇಷ್ಟ್ರು. ಬೆಳಗೋಡಿನ ಹತ್ತಿರದ ಎಸ್ಟೇಟಿನಲ್ಲಿ ಕಾಫಿ ಕುಯ್ಯುವವರ ಕೈಗೆ ಚಗಳಿ ಇರುವೆ ಕಚ್ಚುವುದನ್ನು ಕಂಡು, ಪಾಪ, ನನಗೆ ಖುಷಿಯೋ ಖುಷಿ. ಭುಜದವರೆಗೂ ಬರುವ ಗ್ಲೌಸ್ ಹೊಲಿದು, ಅದರ ತುಂಬ ಕಾಫಿ ಹೂವಿನ ಚಿತ್ರ ಬರೆದು, ಬೇವಿನೆಣ್ಣೆ ಸವರಿ ಒಯ್ದೆ.

ಕುಯ್ಲಿನ ಹೆಂಗಸರಲ್ಲಿ ಹಿರಿಯರಾದ ಪುಟ್ಟಮ್ಮಕ್ಕ ಮೂಸಿ ನೋಡಿದರು. "ಚೆನ್ನಾಗೈತೆ ಕಣವ್ವ. ಆದ್ರೆ ಇರುವೆ ಎಲ್ಲಾ ಓಡೋಗ್ಬುಟ್ರೆ ಚಟ್ನಿ ಯಾತರದ್ದು ಅರೆಯಾದು?"

ಇಲ್ಲಿಯವರು ಚಗಳಿಯನ್ನೇ ಅರೆದು ಚಟ್ನಿ ಮಾಡಿ ತಿನ್ನುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಅಷ್ಟರಲ್ಲಿ ಅವರು ಗ್ಲೌಸ್ ಏರಿಸಿಕೊಂಡು, ಕೊಂಬೆಯಲ್ಲಿದ್ದ ಇರುವೆ ಗೂಡಿಗೇ ಕೈ ಹಾಕಿ ಇಡಿಯಾಗಿ ಕಿತ್ತರು.

"ಅಯ್ಯಯ್ಯೋ, ಒಂದೂ ಕಚ್ಚಲಿಲ್ಲ ಕಣ್ರೇ!"

ಹೇಗೆ ಕಚ್ಚುತ್ತವೆ? ಉದುರಿದವೆಲ್ಲ ನನ್ನ ಮೈಮೇಲಿದ್ದವು. ಗಿಡಗಳ ನಡುವೆ ನಾನು ಕುಣಿದ ಕುಣಿತಕ್ಕೆ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇವ್ಳದ್ದು ಮೂರು ಡಿಗ್ರಿ ಕಣ್ರೇ, ಡ್ಯಾನ್ಸೂ ಸೇರೈತೆ!" ಅಂದರು ಪುಟ್ಟಮ್ಮಕ್ಕ, ಸೈ ಹಾಕುತ್ತಾ.

ವರದಿಯಲ್ಲಿ 'ಉಪಯೋಗ' ಎಂಬಲ್ಲಿ 'ಕಾಫಿ ಕುಯ್ಲು' ಎಂದಿದ್ದದ್ದನ್ನು ಹೊಡೆದುಹಾಕಿ 'ಚಟ್ನಿ' ಎಂದು ಬರೆದೆ. ಪುರಾವೆಗೆ ಒಂದು ಡಬ್ಬಿ ಚಟ್ನಿಯನ್ನೂ ಮೇಷ್ಟ್ರಿಗೆ ಕೊಟ್ಟೆ. ಡಬ್ಬಿ ತೊಳೆದು ವಾಪಸ್ ಬಂದಿದೆ. ಮಾರ್ಕ್ಸ್ ಇನ್ನೂ ಬಂದಿಲ್ಲ.