ಪ್ಯಾರಿಸ್ಸಿನಲ್ಲಿ ಹೆಂಡತಿ ತಪ್ಪಿಸಿಕೊಂಡದ್ದು

ಮಂಡ್ಯದಿಂದ ನಾನು, ನನ್ನ ಹೆಂಡತಿ, ಮದ್ದೂರಿನ ಗೆಳೆಯ ಮತ್ತು ಅವನ ಹೆಂಡತಿ ಯುರೋಪ್ ಪ್ರವಾಸಕ್ಕೆ ಹೋಗಿದ್ದೆವು. ಪ್ಯಾರಿಸ್ಸಿನಲ್ಲಿ ನಾವು ಮೂವರು ಮೆಟ್ರೋ ಹತ್ತಿದ್ದೇ ತಡ, ಬಾಗಿಲು ಮುಚ್ಚಿತು. ನನ್ನ ಹೆಂಡತಿ ಪ್ಲಾಟ್‌ಫಾರಂನಲ್ಲೇ ಉಳಿದಳು. ಅವಳಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಫೋನನ್ನೂ ಹೋಟೆಲಿನಲ್ಲೇ ಬಿಟ್ಟಿದ್ದಳು. ಮುಂದಿನ ನಿಲ್ದಾಣದಲ್ಲಿ ಇಳಿದು ವಾಪಸು ಬಂದರೆ ಅವಳಿಲ್ಲ. ಹುಚ್ಚನಂತೆ ಮೆಟ್ಟಿಲು ಹತ್ತಿ ಇಳಿದು ಕೂಗಿದೆ.

"ಅಳಬ್ಯಾಡ ಕಣ್ಲಾ, ಸಿಕ್ತಾಳೆ ಬುಡು" ಎಂದ ಗೆಳೆಯ.

ಕೊನೆಗೆ ಎದುರು ಬದಿಗೆ ಬಂದ ರೈಲಿನಿಂದ ಅವಳು ಇಳಿದಳು. ನಮ್ಮನ್ನು ಹುಡುಕಿಕೊಂಡು ಮುಂದಿನ ನಿಲ್ದಾಣಕ್ಕೆ ಹೋಗಿ, ಕಾಣದೆ ಮರಳಿದ್ದಳು. ಓಡಿಹೋಗಿ ಹಿಡಿದುಕೊಂಡೆ.

"ನಂಗೇನೂ ನೋಡದು ಬ್ಯಾಡ, ಊರ್ಗೆ ಕರ್ಕಂಡೋಗಿ" ಎಂದು ಬಿಕ್ಕಿದಳು.

ಆಮೇಲೆ ರೋಮಿಗೂ ವೆನಿಸ್ಸಿಗೂ ಹೋದೆವು. ಅವಳ ಕೈ ನಾನು ಬಿಡಲಿಲ್ಲ. ಅಲ್ಲಿ ಏನು ನೋಡಿದೆನೋ ನೆನಪಿಲ್ಲ.