ಲಂಕೆಗೆ ಹೊರಟ ಲೆನ್ಸುಗಳು

ನನಗೆ ಆರಿಸಲು ಬರುವುದಿಲ್ಲ. ಹೋಟೆಲಿನಲ್ಲಿ ಮಾಣಿ ಬಂದು ‘ಚಹಾನೋ, ಕಾಫಿನೋ’ ಎಂದು ಕೇಳಿದರೆ ನಾನು ಪಕ್ಕದ ಟೇಬಲ್ಲಿನವನು ಏನು ಕುಡಿಯುತ್ತಿದ್ದಾನೆ ಎಂದು ನೋಡುತ್ತೇನೆ. ಅವನು ಎಳನೀರು ಕುಡಿಯುತ್ತಿದ್ದರೆ ನನ್ನ ಗತಿ ಇನ್ನೂ ಕಷ್ಟ. ಎರಡರ ನಡುವೆ ಇದ್ದ ಗೊಂದಲ ಮೂರರ ನಡುವೆ ಹಂಚಿಹೋಗುತ್ತದೆ. ಹಾಗಿದ್ದೂ ಗೋವಾದ ವೆರ್ಣಾದ ಒಂದು ಔಷಧ ಕಾರ್ಖಾನೆಯಲ್ಲಿ ನಾನು ಸ್ಟೋರ್ ಕೀಪರ್. ಯಾವ ಪೆಟ್ಟಿಗೆ ಯಾವ ಕಪಾಟಿಗೆ ಎಂದು ದಿನವಿಡೀ ಹೇಳುತ್ತಿರುತ್ತೇನೆ. ಅದು ಹೇಗೆ ಸಾಧ್ಯ ಎಂದು ನೀವು ಕೇಳಬಹುದು. ಅಲ್ಲಿ ಆರಿಸುವವರು ಮಹಡಿಯ ಮೇಲಿನವರು. ನಾನು ಬರೀ ಗಂಟಲು.

ಇಂಥ ನನಗೆ ದೇವರು ಕ್ಯಾಮೆರಾದ ಹುಚ್ಚು ಹಚ್ಚಿದ. ಹಡಗಿನಲ್ಲಿ ಕೆಲಸ ಮಾಡಿ ನಿವೃತ್ತರಾದ ವಾಸ್ಕೋ ಊರಿನ ಒಬ್ಬರು ತಮ್ಮ ಹಳೆಯ ಕ್ಯಾಮೆರಾವನ್ನು ನನಗೆ ಕೊಟ್ಟಾಗ ಅದಕ್ಕೆ ಒಂದೇ ಲೆನ್ಸಿತ್ತು, ನಾನು ಸುಖವಾಗಿದ್ದೆ. ಲೆನ್ಸನ್ನು ಬಿಚ್ಚಿ ಬೇರೆಯದನ್ನು ಹಾಕಬಹುದು ಎಂದು ತಿಳಿದ ದಿನ ನನ್ನ ನೆಮ್ಮದಿ ಹೋಯಿತು. ದೂರದ್ದಕ್ಕೊಂದು, ಹತ್ತಿರದ್ದಕ್ಕೊಂದು, ಕತ್ತಲೆಗೊಂದು, ಇರುವೆಗೊಂದು. ಇರುವೆಯ ಫೋಟೋ ತೆಗೆಯುವ ಲೆನ್ಸು ಮನೆಗೆ ಬಂದ ದಿನ ನನ್ನ ಹೆಂಡತಿ ಕಸ್ತೂರಿ, ‘ಇರುವಿ ನಿಮಗ ಏನ್ ಮಾಡ್ಯಾವ್ರಿ?’ ಎಂದಷ್ಟೇ ಕೇಳಿ ಒಳಗೆ ಹೋದಳು.

ಕಸ್ತೂರಿ ಖಾನಾವಳಿ ನಡೆಸುತ್ತಾಳೆ. ವೆರ್ಣಾದ ಕಾರ್ಖಾನೆಗಳಿಗೆ ಕಂಪನಿ ಬಸ್ಸಿನಲ್ಲಿ ಬಂದು ಹೋಗುವ ವಿಜಯಪುರ, ಬಾಗಲಕೋಟೆ ಕಡೆಯ ನಮ್ಮ ಮಂದಿಗೆ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಮೊದಲ ಪಾಳಿಯವರು ಉಂಡು ಏಳುವಷ್ಟರಲ್ಲಿ ಎರಡನೆಯ ಪಾಳಿಯವರು ಕೈ ತೊಳೆಯುತ್ತ ನಿಂತಿರುತ್ತಾರೆ. ವರ್ಷಗಟ್ಟಲೆ ರೊಟ್ಟಿ ಬಡಿದು ಅವಳ ಬಲ ಭುಜ ಕೊನೆಗೆ ಮೇಲೇಳಲು ಒಪ್ಪಲಿಲ್ಲ. ಡಾಕ್ಟರರು, ‘ಕೆಲವು ದಿನ ಒಲೆಯ ಹತ್ತಿರ ಹೋಗಬೇಡಿ, ಇಲ್ಲದಿದ್ದರೆ ಈ ಕೈಯಲ್ಲಿ ಬಾಚಣಿಗೆ ಹಿಡಿಯುವುದೂ ಕಷ್ಟವಾದೀತು’ ಎಂದರು. ನಾನು ಊರಿಗೆ ಹೋಗಿ ಬರೋಣವೆಂದೆ.

‘ಊರಿಗೆ ಹೋದ್ರ ಅಲ್ಲೂ ರೊಟ್ಟಿ ಬಡಿಯೂದ. ಅತ್ತಿ ಬಂದ್ಲು, ನಾದಿನಿ ಬಂದ್ಲು ಅಂತ ನಾನ ಏಳಬೇಕಾಕ್ಕೈತಿ. ನನ್ನ ಗುರುತು ಇಲ್ಲದ ದೇಶಕ್ಕ ಕರ್ಕೊಂಡ ಹೋಗ್ರಿ. ಬ್ಯಾರೇವ್ರು ಮಾಡಿ ಹಾಕಬೇಕು, ನಾ ಕುಂತು ಉಣಬೇಕು. ಅಷ್ಟ ನೋಡ್ರಿ ನನ್ನ ಪ್ರವಾಸ.’

ಹತ್ತಿರದ ವಿದೇಶವೆಂದು ಶ್ರೀಲಂಕೆಯನ್ನು ಅವಳೇ ಆರಿಸಿದಳು. ಅದಕ್ಕೆ ಅವಳಿಗೆ ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಹಿಡಿಯಿತು. ಯಾವ ಲೆನ್ಸು ಒಯ್ಯಬೇಕು ಎಂದು ಆರಿಸಲು ನನಗೆ ಒಂದು ಮಳೆಗಾಲ ಹಿಡಿಯಿತು.

ಇಲ್ಲಿ ಸ್ವಲ್ಪ ಶಾಸ್ತ್ರ ಹೇಳಬೇಕು, ಬೇಸರಿಸಬೇಡಿ. ಲೆನ್ಸಿನ ಮೇಲೆ ಒಂದು ಅಂಕಿ ಬರೆದಿರುತ್ತದೆ. ಅದು ಚಿಕ್ಕದಾದಷ್ಟೂ ಲೆನ್ಸಿನ ಕಣ್ಣು ದೊಡ್ಡದಾಗಿ ತೆರೆಯುತ್ತದೆ, ಬೆಳಕು ಹೆಚ್ಚು ಒಳಗೆ ಬರುತ್ತದೆ. ಅಂದರೆ ಚಿಕ್ಕದೇ ದೊಡ್ಡದು. ಮತ್ತೊಂದು ಅಂಕಿ ಇದೆ, ಅದು ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ, ಆದರೆ ಹತ್ತಿರ ಇರುವುದು ಚೌಕಟ್ಟಿನಲ್ಲಿ ಹಿಡಿಸುವುದೇ ಇಲ್ಲ. ಈ ಎರಡನೆಯ ಮಾತನ್ನು ನಾನು ಎಷ್ಟೋ ಜನರಿಗೆ ಪಾಠ ಮಾಡಿದಂತೆ ವಿವರಿಸಿದ್ದೇನೆ. ಒಂದು ಸಲವಾದರೂ ಅದು ನನಗೇ ಹೇಳಿದಂತಿದೆ ಎಂದು ಅನ್ನಿಸಲಿಲ್ಲ.

ಶ್ರೀಲಂಕೆಯಲ್ಲಿ ಆನೆಗಳಿವೆ, ಆದ್ದರಿಂದ ದೂರದ ಲೆನ್ಸು ಬೇಕು. ಗುಹೆಯೊಳಗೆ ಬುದ್ಧನಿದ್ದಾನೆ, ಆದ್ದರಿಂದ ಕತ್ತಲೆಯ ಲೆನ್ಸು ಬೇಕು. ಚಹಾ ತೋಟಗಳು ಉದ್ದಕ್ಕೂ ಹರಡಿವೆ, ಆದ್ದರಿಂದ ಅಗಲದ ಲೆನ್ಸು ಬೇಕು. ಇರುವೆಗಳಂತೂ ಇದ್ದೇ ಇರುತ್ತವೆ. ದೂರದ ಲೆನ್ಸನ್ನು ಪರೀಕ್ಷಿಸಲೆಂದು ಒಂದು ಭಾನುವಾರ ಸ್ಕೂಟರಿನಲ್ಲಿ ಗಡಿಯ ಹತ್ತಿರದ ಮೊಲೆಂ ಕಾಡಿನವರೆಗೆ ಹೋಗಿಬಂದೆ. ಕರ್ನಾಟಕದ ಕಡೆ ಏರುವ ಲಾರಿಗಳ ಹೊಗೆ ನುಂಗುತ್ತ, ಎತ್ತರದ ಮರದ ತುದಿಯಲ್ಲಿ ಕುಳಿತ ಮಂಗಟ್ಟೆ ಹಕ್ಕಿಯೊಂದನ್ನು ಉಸಿರು ಬಿಗಿಹಿಡಿದು ಸೆರೆಹಿಡಿದೆ. ಎಷ್ಟು ಹೊತ್ತಾದರೂ ಅದು ಹಾರಲಿಲ್ಲ. ನನಗೆ ಪೋಸು ಕೊಡುತ್ತಿದೆ ಎಂದು ಹಿಗ್ಗಿದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಅದು ಕೊಂಬೆಗೆ ಸಿಕ್ಕಿಕೊಂಡ ಕರಿಯ ಪ್ಲಾಸ್ಟಿಕ್ ಚೀಲ. ಆದರೆ ಎಷ್ಟು ಸ್ಪಷ್ಟ! ಹಿಡಿಕೆಯ ಗಂಟು ಕೂಡ ಕಾಣುತ್ತಿತ್ತು. ಲೆನ್ಸು ಪಾಸಾಯಿತು.

ಗೊಂದಲ ತೀರಲಿಲ್ಲವಾಗಿ ಕುಡಚಡೆಗೆ, ಇಸ್ಮಾಯಿಲನ ಸ್ಟುಡಿಯೋಕ್ಕೆ ಹೋದೆ. ಇಸ್ಮಾಯಿಲ ಮುದ್ದೇಬಿಹಾಳದ ಕಡೆಯವನು, ಮದುವೆಗಳ ಫೋಟೋಗ್ರಾಫರ್. ಎರಡು ಲೆನ್ಸು ಸಾಕೇ, ಮೂರು ಬೇಕೇ ಎಂದು ಕೇಳುವುದು ನನ್ನ ಉದ್ದೇಶವಾಗಿತ್ತು. ಅವನು ಕಣ್ಣರಳಿಸಿ, ‘ಕಾಕಾ, ಮೀನುಕಣ್ಣಿನ ಲೆನ್ಸು ಇಲ್ದನ ಸಮುದ್ರದ ದೇಶಕ್ಕ ಹೊಂಟೀರೇನ್ರಿ? ಖರೇನ ಹೊಂಟೀರಿ?’ ಎಂದು ಕಪಾಟಿನಿಂದ, ಎಲ್ಲವನ್ನೂ ಗುಂಡಗೆ ಬಗ್ಗಿಸಿ ತೋರಿಸುವ ತನ್ನದೊಂದು ಲೆನ್ಸು ತೆಗೆದು ನನ್ನ ಕೈಗಿಟ್ಟ. ಒಂದನ್ನು ಬಿಡಲು ಹೋದವನು ಒಂದನ್ನು ಹೆಚ್ಚಾಗಿ ತಂದೆ.

ವಿಮಾನದೊಳಗೆ ಕೈಯಲ್ಲಿ ಒಯ್ಯುವ ಚೀಲಕ್ಕೆ ಏಳು ಕಿಲೋ ಮಿತಿ. ಖಾನಾವಳಿಯ ತಕ್ಕಡಿಯಲ್ಲಿ ನನ್ನ ಚೀಲವನ್ನಿಟ್ಟು ನೋಡಿದೆ. ಮುಳ್ಳು ನಾಚಿಕೆಯಿಲ್ಲದೆ ಮುಂದೆ ಹೋಯಿತು. ಅಂಗಿಗಳನ್ನು ತೆಗೆದೆ. ಟವೆಲ್ಲು ತೆಗೆದೆ. ಲೆನ್ಸು ಮಾತ್ರ ಒಂದೂ ಹೊರಬರಲಿಲ್ಲ. ಕೊನೆಗೆ ತುಂಬ ಕಿಸೆಗಳಿರುವ ಒಂದು ದಪ್ಪ ಜಾಕೀಟು ಕೊಂಡು, ಕಿಸೆಗೊಂದು ಲೆನ್ಸು ಇಳಿಬಿಟ್ಟುಕೊಂಡು, ಗೋವಾದ ಸೆಕೆಯಲ್ಲಿ ವಿಮಾನ ನಿಲ್ದಾಣಕ್ಕೆ ಹೋದೆ. ತಪಾಸಣೆಯಲ್ಲಿ ನನ್ನೊಬ್ಬನ ಕಿಸೆ ಖಾಲಿಯಾಗುವುದನ್ನು ಇಡೀ ಸಾಲು ನಿಂತು ನೋಡಿತು. ಕಸ್ತೂರಿ ಮುಂದೆ ಹೋಗಿ, ಈ ಗಂಡಸು ಯಾರೋ ತನಗೆ ತಿಳಿಯದೆಂಬಂತೆ ಗಾಜಿನಾಚೆಯ ವಿಮಾನಗಳನ್ನು ನೋಡುತ್ತ ನಿಂತಳು.

ಪ್ರವಾಸಕ್ಕೆ ನಾವು ಹೊತ್ತೊಯ್ಯುವುದು ಬೇಕಾದ ಸಾಮಾನನ್ನಲ್ಲ, ನಮ್ಮ ಹೆದರಿಕೆಗಳನ್ನು ಎಂದು ನನಗೆ ಅನೇಕ ಸಲ ಅನ್ನಿಸಿದೆ. ಕೊಡೆ ಮಳೆಯ ಹೆದರಿಕೆ, ಮಾತ್ರೆ ಹೊಟ್ಟೆಯ ಹೆದರಿಕೆ. ನನ್ನ ಒಂದೊಂದು ಲೆನ್ಸೂ ‘ಎಲ್ಲಿ ತಪ್ಪಿಹೋಗುತ್ತದೋ’ ಎಂಬ ಒಂದೊಂದು ಹೆದರಿಕೆ. ಕಸ್ತೂರಿಯ ಚೀಲ ಹಗುರಾಗಿತ್ತು. ಅವಳು ತಪ್ಪಿಸಿಕೊಳ್ಳಬೇಕೆಂದೇ ಹೊರಟವಳು.

ಕೊಲಂಬೊದಲ್ಲಿ ಇಳಿದ ಮರುದಿನ ತಣ್ಣಗಿನ ಹೋಟೆಲ್ ಕೋಣೆಯಿಂದ ಹೊರಗೆ ಬಂದದ್ದೇ ಲೆನ್ಸುಗಳೆಲ್ಲ ಮಂಜು ಕಟ್ಟಿದವು. ಬಿಸಿಗಾಳಿಗೆ ಹೀಗಾಗುತ್ತದೆಂದು ಗೋವಾದಲ್ಲಿ ಇಷ್ಟು ವರ್ಷ ಬದುಕಿದವನಿಗೆ ಗೊತ್ತಿರಬೇಕಿತ್ತು. ಒರೆಸಿದಷ್ಟೂ ಮತ್ತೆ ಕಟ್ಟುತ್ತಿತ್ತು. ಆ ಬೆಳಗಿನ ನನ್ನ ಚಿತ್ರಗಳಲ್ಲಿ ಕೊಲಂಬೊ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಕ್ಷಣದಂತಿದೆ. ಕಸ್ತೂರಿ ಮಾತ್ರ ಒತ್ತುಶಾವಿಗೆಗೆ ತೆಂಗಿನ ಹಾಲಿನ ಸಾರು ಹಾಕಿಸಿಕೊಂಡು, ಬಡಿಸುವವನು ‘ಇನ್ನೂ ಬೇಕೇ’ ಎಂದು ಕಣ್ಣಲ್ಲೇ ಕೇಳಿದಾಗಲೆಲ್ಲ ಮಹಾರಾಣಿಯಂತೆ ತಲೆಯಾಡಿಸುತ್ತಿದ್ದಳು. ನಾನು ಅವಳ ತಟ್ಟೆಯ ಮೇಲೆ ಬಗ್ಗಿ, ‘ಒಂದು ನಿಮಿಷ, ಮುಟ್ಟಬ್ಯಾಡ, ಲೆನ್ಸು ಬದಲಿಸ್ತೀನಿ’ ಎನ್ನುತ್ತಿದ್ದೆ. ಬೇರೆಯವರು ಮಾಡಿದ ಬಿಸಿ ಊಟಕ್ಕಾಗಿ ಸಮುದ್ರ ದಾಟಿ ಬಂದವಳಿಗೆ ಹೊತ್ತುಹೊತ್ತಿಗೂ ಆರಿದ ಊಟವೇ ಆಯಿತು.

ಅವಳು ಸಿಡಿದದ್ದು ಬೆಟ್ಟದ ಕಡೆ ಹೋಗುವ ರೈಲಿನಲ್ಲಿ. ಚಹಾ ತೋಟಗಳ ನಡುವೆ ಬಳುಕುತ್ತ ಏರುವ ಆ ರೈಲಿನ ಬಾಗಿಲಲ್ಲಿ ಜೋತುಬಿದ್ದು ನಾನು ದಾರಿಯುದ್ದಕ್ಕೂ ಫೋಟೋ ತೆಗೆದೆ. ಕೈ ಸೋತು ಒಳಗೆ ಬಂದಾಗ ನನ್ನ ಸೀಟಿನಲ್ಲಿ ನನ್ನ ಚೀಲ ಕುಳಿತಿತ್ತು. ಕಸ್ತೂರಿ ಕಿಟಕಿಯ ಪಕ್ಕದಲ್ಲಿ, ಎಡಗೈಯಿಂದ ಅದರ ಪಟ್ಟಿ ಹಿಡಿದುಕೊಂಡು, ನೋಯುವ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು.

‘ಒಂದ್ ಮಾತ್ ಕೇಳ್ತೀನಿ, ಹೇಳ್ರಿ,’ ಎಂದಳು. ‘ನೀವು ನನ್ನ ಕೂಡ ಬಂದೀರೋ, ನಾನು ನಿಮ್ಮ ಚೀಲದ ಕೂಡ ಬಂದೀನೋ?’

ನಾನು ನಗಲು ನೋಡಿದೆ. ಅವಳು ನಗಲಿಲ್ಲ.

‘ಎಷ್ಟ್ ಚಲೋ ಐತಿ ನೋಡ್ರಿ ಹೊರಗ. ಅಲ್ನೋಡ್ರಿ ಅನ್ನಾಕ ಹೊಳ್ಳಿ ನೋಡಿದ್ರ ಬಾಜೂಕ ಚೀಲಾ. ಚೀಲಕ್ಕ ಏನ್ ಹೇಳ್ಲಿ? ವೆರ್ಣಾದಾಗ ಒಬ್ಬಾಕಿನ ಒಲಿ ಮುಂದ ಇರ್ತಿದ್ದೆ, ಇಲ್ಲಿ ಒಬ್ಬಾಕಿನ ಕಿಟಕಿ ಮುಂದ ಅದೀನಿ. ಇಷ್ಟ ಫರಕು.’

ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಉಳಿದ ದಾರಿ ಅವಳು ಹೊರಗೆ ನೋಡಿದಳು, ನಾನು ಚೀಲ ನೋಡಿದೆ. ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಬೈದದ್ದು ಎಷ್ಟೋ ಸಲ. ಅದು ಉಪ್ಪಿನಕಾಯಿಯಂತೆ ಊಟಕ್ಕೆ ರುಚಿ ಕೊಡುವ ಬೈಗುಳ. ಇದು ಬೈಗುಳವಾಗಿರಲಿಲ್ಲ. ಅದಕ್ಕೇ ಅರಗಲಿಲ್ಲ.

ಬೆಟ್ಟದ ಮೇಲೆ ನಾವು ಇಳಿದುಕೊಂಡದ್ದು ಮಾಲಿನಿ ಎಂಬ ಹೆಂಗಸಿನ ಮನೆಯಲ್ಲಿ. ಪ್ರವಾಸಿಗಳಿಗೆ ಎರಡು ಕೋಣೆ ಬಿಟ್ಟುಕೊಟ್ಟು, ಅಡುಗೆ ಮಾಡಿ ಹಾಕುವ ಮನೆ ಅದು. ಅವಳ ಗಂಡ ಬಸ್ಸಿನ ಡ್ರೈವರಾಗಿದ್ದು ನಿವೃತ್ತನಾದವನು. ಮಾಲಿನಿಗೆ ಸಿಂಹಳ ಬಿಟ್ಟರೆ ಹತ್ತಾರು ಇಂಗ್ಲಿಷ್ ಶಬ್ದ, ಕಸ್ತೂರಿಗೆ ಕನ್ನಡ ಮತ್ತು ಗೋವಾದ ಬಜಾರಿನ ಕೊಂಕಣಿ.

ಬೆಳಿಗ್ಗೆ ಎದ್ದಾಗ ನಾನು ಒಂದು ಪಶ್ಚಾತ್ತಾಪದ ಯೋಜನೆ ಹಾಕಿದ್ದೆ. ಇನ್ನು ಮುಂದೆ ಒಂದೇ ಲೆನ್ಸು. ಉಳಿದವನ್ನೆಲ್ಲ ಕೋಣೆಯಲ್ಲಿ ಬೀಗ ಹಾಕಿ ಇಡುವುದು, ಕಸ್ತೂರಿಯ ಜೊತೆ ಕೈಬೀಸಿಕೊಂಡು ನಡೆಯುವುದು. ಎಷ್ಟು ಸರಳ! ಆದರೆ ಆ ಒಂದು ಯಾವುದು? ಅಡುಗೆಮನೆಯ ಬಾಗಿಲ ಹೊರಗೆ, ಬೆಳಕು ಚೆನ್ನಾಗಿದ್ದ ಪಡಸಾಲೆಯಲ್ಲಿ ಚೀಲ ಬಿಚ್ಚಿ, ಬಗ್ಗಿ ನಿಂತು ಒಂದೊಂದನ್ನೇ ಎತ್ತಿ ನೋಡತೊಡಗಿದೆ. ದೂರದ್ದು ಬಿಟ್ಟರೆ ಹಕ್ಕಿಗಳು ಹೋದವು. ಅಗಲದ್ದು ಬಿಟ್ಟರೆ ಬೆಟ್ಟ ಹೋಯಿತು.

ಒಳಗೆ ಮಾಲಿನಿ ತೆಂಗಿನ ತುರಿ ಹಾಕಿ ಕಲಸಿದ ಹಿಟ್ಟನ್ನು ಬೆರಳಿನಿಂದ ತಟ್ಟಿ ರೊಟ್ಟಿ ಮಾಡುತ್ತಿದ್ದಳು. ಕಸ್ತೂರಿ ಕೈಕಟ್ಟಿಕೊಂಡು ಸ್ಟೂಲಿನ ಮೇಲೆ ಕುಳಿತು ನೋಡುತ್ತಿದ್ದಳು. ಒಲೆ ಮುಟ್ಟುವುದಿಲ್ಲ ಎಂದು ಶಪಥ ಮಾಡಿ ಬಂದವಳು. ‘ಭಾಳ ದಪ್ಪ ಆತು,’ ಎಂದು ಅವಳು ಕನ್ನಡದಲ್ಲಿ ಹೇಳುವುದು ಕೇಳಿಸಿತು. ಮಾಲಿನಿ ಏನೋ ಸಿಂಹಳದಲ್ಲಿ ಉತ್ತರಿಸಿದಳು. ಸ್ವಲ್ಪ ಹೊತ್ತಿಗೆ, ‘ಹಿಂಗಲ್ಲವ್ವಾ, ತಾ ಇಲ್ಲಿ, ಎಡಗೈಲೆ ಮಾಡಿ ತೋರಸ್ತೀನಿ,’ ಎಂಬ ಮಾತು. ಆಮೇಲೆ ಪಟಪಟ ಸದ್ದು.

ಆಮೇಲೆ ನಗು. ರೊಟ್ಟಿಯ ಮೇಲೆ ಅಷ್ಟು ಅಧಿಕಾರವಿದ್ದ ನನ್ನ ಹೆಂಡತಿ ಎತ್ತಿದ್ದೇ ತಡ, ಆ ಪರದೇಶದ ಹಿಟ್ಟು ನಡುವೆ ಹರಿದು ಎರಡು ತುಂಡಾಗಿ ಅವಳ ಕೈಯಿಂದ ಜೋತಾಡಿತ್ತಂತೆ. ಇಬ್ಬರೂ ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಕಸ್ತೂರಿ ಹಾಗೆ ನಗುವುದನ್ನು ನಾನು ಕೇಳಿ ಎಷ್ಟು ಕಾಲವಾಗಿತ್ತೋ. ಈ ನಗುವನ್ನು ಹಿಡಿಯಬೇಕು ಎಂದುಕೊಂಡೆ. ಅಡುಗೆಮನೆ ಕತ್ತಲು, ಆದ್ದರಿಂದ ಕತ್ತಲೆಯ ಲೆನ್ಸು. ಆದರೆ ಜಾಗ ಇಕ್ಕಟ್ಟು, ಆದ್ದರಿಂದ ಅಗಲದ ಲೆನ್ಸು. ಎರಡನ್ನೂ ಎರಡು ಕೈಯಲ್ಲಿ ಹಿಡಿದು ನಾನು ಬಗ್ಗಿದಲ್ಲೇ ನಿಂತಿದ್ದೆ. ಅಷ್ಟರಲ್ಲಿ ಕ್ಲಿಕ್ ಎಂದಿತು. ಅಡುಗೆಮನೆಯ ಒಳಗೇ ಇದ್ದ ಮಾಲಿನಿಯ ಗಂಡ, ಕಟ್ಟೆಯ ಮೇಲಿದ್ದ ಕಸ್ತೂರಿಯ ಮೊಬೈಲು ತೆಗೆದುಕೊಂಡು ಕೆಲಸ ಮುಗಿಸಿದ್ದ.

ಆ ಫೋಟೋ ಓರೆಯಾಗಿದೆ. ಕಿಟಕಿಯ ಬೆಳಕು ಒಂದು ಮೂಲೆಯನ್ನು ಸುಟ್ಟುಹಾಕಿದೆ. ನಡುವೆ ಇಬ್ಬರು ಹೆಂಗಸರು, ಹರಿದ ರೊಟ್ಟಿ, ಬಿದ್ದುಬಿದ್ದು ನಗು. ಹಿಂದೆ ಬಾಗಿಲಿನಾಚೆ ಒಬ್ಬ ಗಂಡಸಿನ ಬೆನ್ನು ಮತ್ತು ಬೆನ್ನಿನ ಕೆಳಗಿನದು, ಚೌಕಟ್ಟಿನಲ್ಲಿ ತಕ್ಕಮಟ್ಟಿನ ಜಾಗ ಆಕ್ರಮಿಸಿಕೊಂಡಿದೆ. ಫೋಟೋದ ತಪ್ಪುಗಳನ್ನು ಎತ್ತಿ ಹೇಳಲೆಂದು ಬಾಯಿ ತೆರೆದೆ. ಕಸ್ತೂರಿ ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು ಮತ್ತೆ ನಗತೊಡಗಿದಳು, ಈ ಸಲ ನನ್ನ ಕಡೆ ನೋಡಿ. ರೈಲಿನಲ್ಲಿ ಅರಗದೆ ಉಳಿದದ್ದು ಆಗ ಅರಗಿತು. ಒಳಗೆ ಹೋಗಿ ಅವಳ ಪಕ್ಕದಲ್ಲಿ ಕುಳಿತು ಬಿಸಿ ಇರುವಾಗಲೇ ತಿಂದೆ.

ಆ ದಿನದಿಂದ ಲೆನ್ಸು ಮುಟ್ಟಲಿಲ್ಲ ಎಂದು ಬರೆದರೆ ಪ್ರಬಂಧಕ್ಕೆ ಶೋಭೆ. ಆದರೆ ಸುಳ್ಳಾಗುತ್ತದೆ. ಆನೆಗಳನ್ನು ನೋಡಲು ಹೋದಾಗ ಮೂರು ಒಯ್ದೆ. ಬೆಟ್ಟದಿಂದ ಇಳಿಯುವ ರೈಲಿನಲ್ಲಿ ಮಾತ್ರ ಚೀಲವನ್ನು ಮೇಲಿನ ಹಲಗೆಗೆ ಹಾಕಿ ಕಿಟಕಿಯ ಪಕ್ಕ ಕುಳಿತೆ. ಕಸ್ತೂರಿ ‘ಅಲ್ನೋಡ್ರಿ’ ಎಂದಾಗಲೆಲ್ಲ ನೋಡಿದೆ. ಏನು ನೋಡಿದೆ ಎಂದು ತೋರಿಸಲು ನನ್ನ ಬಳಿ ಚಿತ್ರವಿಲ್ಲ, ಚೆನ್ನಾಗಿತ್ತು.

ವೆರ್ಣಾಕ್ಕೆ ಬಂದ ಮೇಲೆ ಕಸ್ತೂರಿ ರೊಟ್ಟಿ ಬಡಿಯಲು ಊರ ಕಡೆಯ ಇಬ್ಬರು ಹೆಂಗಸರನ್ನು ಇಟ್ಟುಕೊಂಡಳು. ಈಗ ಮಧ್ಯಾಹ್ನ ಅವಳೂ ಎಲ್ಲರಂತೆ ತಟ್ಟೆ ಹಿಡಿದು ಕೂರುತ್ತಾಳೆ, ಬೇರೆಯವರ ಕೈಯ ರೊಟ್ಟಿ ಉಣ್ಣುತ್ತಾಳೆ, ‘ಇನ್ನ ಚೂರು ತೆಳ್ಳಗ ಆಗಬೇಕು’ ಎನ್ನುತ್ತಾಳೆ. ಕೈ ತೊಳೆಯುವ ನಲ್ಲಿಯ ಮೇಲೆ ಗೋಡೆಗೆ ಒಂದು ಫೋಟೋ ತೂಗುಹಾಕಿದ್ದಾಳೆ. ನನ್ನ ಲೆನ್ಸುಗಳು ತೆಗೆದ ರಾಶಿರಾಶಿ ಚಿತ್ರಗಳಲ್ಲಿ ಒಂದೂ ಅಲ್ಲ.

ಮೊನ್ನೆ ಹೊಸದಾಗಿ ಕೆಲಸಕ್ಕೆ ಸೇರಿದವನೊಬ್ಬ ಕೈ ತೊಳೆಯುತ್ತ ಬಹಳ ಹೊತ್ತು ಅದನ್ನು ನೋಡಿದ.

‘ಅಕ್ಕಾರ, ಹಿಂದ ಬಗ್ಗಿ ನಿಂತಾಂವ ಯಾರ್ರಿ? ಮುಖಾನ ಕಾಣವಲ್ದು.’

‘ನಮ್ಮ ಮನ್ಯಾರು,’ ಎಂದಳು ಕಸ್ತೂರಿ ಪಲ್ಯ ಬಡಿಸುತ್ತ. ‘ಲೆನ್ಸ್ ಆರಸಾಕತ್ತಾರ.’

ಆರಿಸುತ್ತಿದ್ದರು ಎನ್ನಲಿಲ್ಲ, ಆರಿಸುತ್ತಿದ್ದಾರೆ ಎಂದಳು. ಅವನು ಅರ್ಥವಾದವನಂತೆ ತಲೆಯಾಡಿಸಿ ಊಟಕ್ಕೆ ಕುಳಿತ. ನಾನು ಅಲ್ಲೇ ಮೂಲೆಯ ಟೇಬಲ್ಲಿನಲ್ಲಿದ್ದೆ. ಮುಖ ನೋಡಿ ಗುರುತಿಸುವ ಭಯವಂತೂ ಇರಲಿಲ್ಲ. ಆದರೂ ಯಾವುದಕ್ಕೂ ಇರಲೆಂದು ಕುರ್ಚಿ ಹಿಂದಕ್ಕೆಳೆದು, ಗೋಡೆಗೆ ಬೆನ್ನು ಒತ್ತಿ ಕುಳಿತುಕೊಂಡೆ.